ಮಾವನವರ ಕೈ, ನನ್ನ ಕೊಡಲಿ

ನಾನು ಬೀಸಿದ ಕೈಗೊಡಲಿಯ ಕಾವು, ಅಂದರೆ ಮರದ ಹಿಡಿ, ನನ್ನ ಕೈಯಲ್ಲೇ ಉಳಿಯಿತು. ಕಬ್ಬಿಣದ ತಲೆ ಮಾತ್ರ ಕಾಂಪೌಂಡ್ ಹಾರಿ ಪಕ್ಕದ ಮನೆಯ ನೀರಿನ ತೊಟ್ಟಿಗೆ ಬಿತ್ತು. ಎದುರಿಗಿದ್ದ ಒಣಕೊಂಬೆಗೆ ಒಂದು ಗೀರೂ ಇಲ್ಲ. ಪಕ್ಕದ ಮನೆಯಾಕೆ ಅದನ್ನು ಬಕೆಟ್ಟಿನಲ್ಲಿಟ್ಟು ತಂದು, "ನಿಮ್ಮದೇ ಅನ್ಸುತ್ತೆ" ಎಂದರು.

"ಕಾವು ಸರಿಯಿಲ್ಲ" ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು, ನನಗೆ ಕಾವು.

ಹಿತ್ತಿಲ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡಿದವರು ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ. ಮೀಸೆ ಮೂಡಿದಂದಿನಿಂದ ಅದು ನರೆಯುವವರೆಗೆ ಸರಕಿನ ಗೋದಾಮಿನಲ್ಲಿ ಮರದ ಪೆಟ್ಟಿಗೆ ಬಿಚ್ಚಿದವರು. ಗಾಜಿನ ಸಾಮಾನು ಬಂದರೆ ಅವರನ್ನೇ ಕರೆಯುತ್ತಿದ್ದರಂತೆ. ಕಳೆದ ವರ್ಷ ಬಲಗೈಗೆ ನಡುಕ ಬಂತು. ಅಂದೇ ಮಗಳು ಮನೆಯ ಚಾಕು, ಕತ್ತರಿ, ಲೋಹ ಉಜ್ಜುವ ಅರ ಎಲ್ಲವನ್ನೂ ಮೇಲಿನ ಕಪಾಟಿಗೆ ಏರಿಸಿಬಿಟ್ಟಳು. ಸೇಬು ಕೂಡ ಅವರ ಮುಂದೆ ಹೋಳಾಗಿಯೇ ಬರುತ್ತದೆ. "ಹಲ್ಲು ಬಂದ ಮಗುಗೂ ಇಡೀ ಹಣ್ಣು ಕೊಡ್ತಾರೆ" ಎಂದು ಗೊಣಗುತ್ತಾರೆ, ಮಗಳ ಎದುರಿಗಲ್ಲ.

"ಇಲ್ಲಿ ತನ್ನಿ ಅಳಿಯಂದ್ರೇ" ಎಂದರು. ತುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದರು. "ಎಲ್ಲಿ ಸಿಕ್ತು?"

"ಗುಜರಿ ಅಂಗಡೀಲಿ. ಸೌದೆ ಕೊಡಲಿ."

"ಸೌದೆಗೂ ಇದಕ್ಕೂ ಎಣ್ಣೆ ಸೀಗೆಕಾಯಿ. ಹಿಂದೆ ಸುತ್ತಿಗೆ ತಲೆ, ಇಲ್ಲಿ ಮೊಳೆ ಕೀಳೋ ಕಚ್ಚು. ಪೆಟ್ಟಿಗೆ ಬಿಚ್ಚೋ ಕೊಡಲಿ ಇದು. ಈ ಮೂಲೆ ಮಾತ್ರ ಸವೆದಿದೆ ನೋಡಿ, ಮುಚ್ಚಳದ ಸಂದಿಗೆ ಇದನ್ನೇ ತೂರಿಸಿದ್ದಾನೆ. ಯಾರೋ ನನ್ನಂಥೋನೇ." ಆಮೇಲೆ ಕಾವನ್ನು ನೋಡಿದರು. "ನೀರಲ್ಲಿ ನೆನೆಹಾಕಿದ್ರಾ?"

"ಬಿಗಿಯಾಗ್ಲಿ ಅಂತ..."

"ಆಗುತ್ತೆ. ಒಣಗೋವರೆಗೆ."

ಸುತ್ತ ನೋಡಿ ದನಿ ತಗ್ಗಿಸಿದರು. "ಮಗಳು ಆಫೀಸಿಂದ ಬರೋದ್ರೊಳಗೆ ಮುಗಿಸಿಬಿಡೋಣ. ಮೇಲಿಂದ ಅರ ಇಳಿಸಿ." ಸ್ವಂತ ಮನೆಯಲ್ಲೇ ಕಳ್ಳನಂತೆ ಸ್ಟೂಲು ಹತ್ತಿದೆ.

ಸಾಣೆ ಹಿಡಿಯುವವನ ಚಕ್ರಕ್ಕೆ ಕೊಟ್ಟರೆ ಕ್ಷಣದಲ್ಲಿ ಮುಗಿಯುತ್ತದಲ್ಲ ಎಂದೆ. ಚಕ್ರದ ಮೇಲೆ ಬಿಸಿಯಾದರೆ ಉಕ್ಕಿನ ಹದ ಹೋಗುತ್ತದಂತೆ. ಹಾಗಾಗಿ ಸೀಮೆಎಣ್ಣೆ ಹಚ್ಚಿ, ಪಾತ್ರೆ ತಿಕ್ಕುವ ನಾರಿನಿಂದ ಉಜ್ಜುವ ಕೆಲಸ ನನಗೆ ಬಂತು. ಕನ್ನಡಿ ಮಾಡಿಯೇ ತೀರುತ್ತೇನೆಂದು ಉಜ್ಜಿದೆ. ಎರಡು ಬೆರಳಿನ ಚರ್ಮ ಹೋಗಿ ಬ್ಯಾಂಡೇಜು ಸುತ್ತಿಕೊಂಡೆ.

"ಸಾಕು ಬಿಡಿ. ತುಕ್ಕು ಹೋಯ್ತಲ್ಲ. ಉಳಿದಿರೋ ಕಪ್ಪು ಕಾಯಿಲೆ ಅಲ್ಲ, ವಯಸ್ಸು."

ತಲೆಯನ್ನು ಹಲಗೆಗೆ ಬಿಗಿದು ಕಟ್ಟಿಸಿ ಅರ ಹಿಡಿದರು. ಮುಂದಕ್ಕೆ ಒತ್ತು, ಎತ್ತಿ ಹಿಂದಕ್ಕೆ. ಮುಂದಕ್ಕೆ ಒತ್ತು, ಎತ್ತಿ ಹಿಂದಕ್ಕೆ. ಕುರ್ಚಿಯ ಮೇಲೆ ಸುಮ್ಮನಿದ್ದಾಗ ತಬಲಾ ಬಾರಿಸುವ ಆ ಕೈ, ಅರ ಸಿಕ್ಕಿದ್ದೇ ಬಾಲ ಮುದುರಿಕೊಂಡ ಬೆಕ್ಕಿನ ಹಾಗೆ ತೆಪ್ಪಗಾಯಿತು. ಕಾವಿನ ಸವೆದ ತುದಿ ಕೊಯ್ದು, ತಲೆಗೆ ತೂರಿಸಿ, ಬುಡವನ್ನು ಕಲ್ಲಿಗೆ ಕುಟ್ಟಿದರು. ತಲೆ ತಾನಾಗಿ ಮೇಲೇರಿ ಕೂತಿತು. ಒಣ ಬೆಣೆ ಹೊಡೆದು ಎಣ್ಣೆ ಸವರಿದರು. ಕೊನೆಗೆ ಒಂದು ಕಾಗದ ಹಿಡಿದು ಅಲಗು ಎಳೆದರು. ಕಾಗದ ಸದ್ದಿಲ್ಲದೆ ಎರಡಾಯಿತು.

"ಅಪ್ಪಾ!"

ಬಾಗಿಲಲ್ಲಿ ನನ್ನ ಹೆಂಡತಿ, ಹೆಗಲಲ್ಲಿ ಇನ್ನೂ ಬ್ಯಾಗು. "ರೀ, ಇವರ ಕೈಗೆ ಕೊಡಲಿ ಕೊಟ್ಟಿದ್ದೀರಲ್ಲ, ಬುದ್ಧಿ ಇದ್ಯಾ ನಿಮಗೆ? ಯಾರಿಗಾದ್ರೂ ಏಟಾಗಿದ್ರೆ?"

ನಾನು ಒಣಕೊಂಬೆಯನ್ನು ಗಮನವಿಟ್ಟು ನೋಡತೊಡಗಿದೆ. ಕಾಂಪೌಂಡಿನಾಚೆಯಿಂದ ದನಿ ಬಂತು: "ನಮ್ಮ ತೊಟ್ಟಿಗೆ ಹಾರಿದ್ದು ಅವರ ಕೈಯಿಂದಲ್ಲಮ್ಮ, ನಿಮ್ಮ ಯಜಮಾನರ ಕೈಯಿಂದ!"

ಹೆಂಡತಿ ಅಪ್ಪನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಣ್ಣೆ ಇತ್ತು, ಗಾಯವಿರಲಿಲ್ಲ. ನನ್ನ ಬೆರಳಿನ ಬ್ಯಾಂಡೇಜುಗಳನ್ನೂ ನೋಡಿದಳು. ಬ್ಯಾಗು ಇಳಿಸದೆಯೇ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ತಟ್ಟೆ ಬಂತು. ಅದರಲ್ಲಿ ಇಡೀ ಸೇಬು, ಪಕ್ಕದಲ್ಲಿ ಚಾಕು. ಮಾವ ದಿನಾ ಹೀಗೇ ಬರುತ್ತದೇನೋ ಎಂಬಂತೆ ಎತ್ತಿಕೊಂಡು ಸಿಪ್ಪೆ ಹೆರೆಯತೊಡಗಿದರು. ಸಿಪ್ಪೆ ಎಲ್ಲೂ ಕಡಿಯದೆ ಸುರುಳಿಯಾಗಿ ಮಡಿಲಿಗೆ ಇಳಿಯಿತು. ಮಗಳು ಅದನ್ನೇ ನೋಡುತ್ತ ನಿಂತಿದ್ದಳು.

ಆಮೇಲೆ ಕೊಡಲಿಯನ್ನು ಎತ್ತಿಕೊಂಡು ಕೇಳಿದಳು: "ಅಪ್ಪ, ಇದನ್ನ ಎಲ್ಲಿಡ್ಲಿ?"

ಮಾವ ಸೇಬಿನಿಂದ ಕಣ್ಣೆತ್ತಲಿಲ್ಲ.

"ಮೇಲಿನ ಕಪಾಟಲ್ಲಿಡಮ್ಮ. ಅಳಿಯಂದ್ರ ಕೈಗೆ ಸಿಗಬಾರದು."