ಎಡಗೈಗೊಂದು ಗಂಟೆ

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಬೀದಿಗೆ ನಲ್ಲಿ ನೀರು ಬಂದಿತ್ತು. ಅರಸೀಕೆರೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಕೊಡ, ಬಕೆಟ್, ಕೊನೆಗೆ ಕುಕ್ಕರನ್ನೂ ತುಂಬಿಸಿಟ್ಟು, ದೋಸೆ ಮುಗಿಸಿ, ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ. ಪಕ್ಕದಲ್ಲಿ ಮಗಳು ಸಿರಿ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿಯೂರಿ, ಗೋಡೆಗೆ ಟೀ ಕೊಡುತ್ತಿದ್ದಳು.

ಹೌದು, ಗೋಡೆಗೇ. ತಲೆಬಾಗಿಸಿ, ಬಹಳ ವಿನಯದಿಂದ.

ಅವತ್ತು ಅವಳ ಶಾಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳ 'ವಿಶ್ವ ಸಂಸ್ಕೃತಿ ದಿನ'. ಸುತ್ತಲಿನ ಊರುಗಳ ಶಾಲೆಗಳೂ ಸೇರಿದ್ದವು; ಒಂದೊಂದು ತಂಡಕ್ಕೆ ಒಂದೊಂದು ದೇಶ. ಆರನೇ ಕ್ಲಾಸಿನ ಸಿರಿಯ ತಂಡಕ್ಕೆ ಜಪಾನ್. ಬಂದವರಿಗೆ ಟೀ ಕೊಡುವ ಕೆಲಸ ಇವಳದು. ನೋಡಲು ಊರಿನಿಂದ ಅವಳ ಅಜ್ಜಿಯೂ ಬರುವವರಿದ್ದರು.

"ಅಮ್ಮಾ, ಅಜ್ಜಿ ನನ್ನ ಕೈಯಿಂದ ತಗೋತಾರಾ? ಎರಡು ಕೈ ಅಂದ್ರೆ ಅದ್ರಲ್ಲಿ ಎಡಗೈನೂ ಇರುತ್ತಲ್ಲ?"

ಸಿರಿ ಎಡಚಿ. ಬರೆಯುವುದು, ಚೆಂಡೆಸೆಯುವುದು, ತಲೆ ಬಾಚುವುದು ಎಲ್ಲವೂ ಎಡಗೈ. ಜಾವಗಲ್‌ನಿಂದ ನನ್ನ ಅತ್ತೆ ಬಂದಾಗಲೆಲ್ಲ ಓಡಿಹೋಗಿ ನೀರು ತರುವವಳು ಅವಳೇ. ಆತುರದಲ್ಲಿ ಎಡಗೈ ಮುಂದಾಗುತ್ತದೆ. ಅತ್ತೆ ಬೈಯುವುದಿಲ್ಲ. "ಅಲ್ಲಿ ಮಡಗು ಕಣವ್ವ, ತಗೋತೀನಿ" ಅನ್ನುತ್ತಾರೆ, ಅಷ್ಟೇ. ಲೋಟ ನೆಲಕ್ಕೆ ಹೋಗುತ್ತದೆ. ನೆಲದಿಂದ ಅಜ್ಜಿಯ ಕೈಗೆ. ಅಜ್ಜಿಗೂ ಮೊಮ್ಮಗಳಿಗೂ ನಡುವೆ ಯಾವಾಗಲೂ ಒಂದಿಷ್ಟು ನೆಲ.

"ನೋಡೋಣ ಬಾ" ಅಂದೆ.

ಶಾಲೆಯ ಮೈದಾನದಲ್ಲಿ ಆಗಲೇ ಜಗತ್ತು ನೆರೆದಿತ್ತು. ಹಳೇಬೀಡಿನ ಮಕ್ಕಳು ಥರ್ಮಾಕೋಲ್ ಪಿರಮಿಡ್ ಕಟ್ಟಿ, ಅದು ಗಾಳಿಗೆ ಹಾರದಂತೆ ನಾಲ್ಕೂ ಕಡೆ ಇಟ್ಟಿಗೆ ಇಟ್ಟಿದ್ದರು. ಬೇಲೂರಿನವರದು ಬ್ರೆಜಿಲ್. ಚೀಲದಿಂದ ಕಾಫಿಬೀಜ ತೆಗೆದು "ಇವು ಬ್ರೆಜಿಲಿನ ಬೀಜಗಳು" ಎಂದು ಗಂಭೀರವಾಗಿ ತೋರಿಸುತ್ತಿದ್ದರು. (ಚೀಲದ ಮೇಲೆ ಬೇಲೂರು ಪಕ್ಕದ 'ಅರೇಹಳ್ಳಿ'ಯ ಹೆಸರು ಬರೆದಿದ್ದನ್ನು ಮರೆಮಾಡಲು ಯಾರಿಗೂ ಹೊಳೆದಿರಲಿಲ್ಲ.)

ಆದರೆ ಎಡವಟ್ಟಾಗಿದ್ದು ಇದೆಲ್ಲಕ್ಕಿಂತ ಮೊದಲೇ, ಗೇಟಿನಲ್ಲಿ. ಗೈಡ್ಸ್ ಹುಡುಗಿಯರು ಸಾಲಾಗಿ ನಿಂತು ಬಂದವರ ಕೈ ಕುಲುಕುತ್ತಿದ್ದರು. ಸ್ಕೌಟ್ಸ್, ಗೈಡ್ಸ್‌ನವರು ಕುಲುಕುವುದು ಎಡಗೈ. ಸಾಲಿನಲ್ಲಿದ್ದ ಸಿರಿ ಮುಖವರಳಿಸಿ ಅಜ್ಜಿಯತ್ತ ಎಡಗೈ ಚಾಚಿದಳು. ಅತ್ತೆ ಹಿಂದೆ ಸರಿದು ನಮಸ್ಕಾರ ಮಾಡಿಬಿಟ್ಟರು!

ಗೈಡ್ಸ್ ಟೀಚರ್ ಓಡಿಬಂದರು. "ಅಜ್ಜಿ, ಇದು ನಮ್ಮ ಪದ್ಧತಿ. ಎಡಗೈ ಹೃದಯಕ್ಕೆ ಹತ್ತಿರ ಅಲ್ವಾ?"

"ಹತ್ರ ಐತೆ, ಇಲ್ಲ ಅಂದೋರ್ಯಾರು? ಬೆಳಗ್ಗೆ ಎದ್ದು ಅದು ಮಾಡೋ ಕೆಲ್ಸ ಯಾವ್ದು, ಅದನ್ನೂ ಹೇಳ್ಕೊಡಿ ಮೇಡಮ್ಮೋರೇ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು (ಸುಳ್ಳೇಕೆ ಹೇಳಲಿ). ಸಿರಿ ಮಾತ್ರ ಚಾಚಿದ ಕೈಯನ್ನು ಮೆಲ್ಲಗೆ ಸ್ಕಾರ್ಫಿನ ತುದಿಗೆ ಒರೆಸಿಕೊಂಡಳು. ಒರೆಸಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ.

ಹಾಗೆ ಒರೆಸಿಕೊಳ್ಳುವುದು ನನಗೆ ಗೊತ್ತು.

ಕಾನ್ವೆಂಟಿಗೆ ಸೇರಿದಾಗ ನಾನೂ ಎಡಚಿಯೇ. ಸಿಸ್ಟರ್ ನನ್ನ ಎಡಗೈಯಿಂದ ಪೆನ್ಸಿಲ್ ಬಿಡಿಸಿ ಬಲಗೈಗೆ ಕೊಡುತ್ತಿದ್ದರು. ಬಹಳ ಮೃದುವಾಗಿ, "ದಿಸ್ ಒನ್, ಚೈಲ್ಡ್" ಅನ್ನುತ್ತಾ. ಮನೆಗೆ ಬಂದರೆ ಅಮ್ಮ: "ಆ ಕೈ ಅಲ್ಲ ಕಣೇ, ಈ ಕೈ." ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದೇ ಪಾಠ.

ಆದರೆ ಶುಕ್ರವಾರ ಸಂಜೆ ಗೈಡ್ಸ್ ಕ್ಲಾಸು. ಹುಣಸೆಹಣ್ಣು ಹಾಕಿ ಉಜ್ಜಿದ ಬೆಲ್ಟಿನ ಬಕಲ್ಲು, ಬೆರಳಿಗೆ ಸಿಕ್ಕಿಕೊಳ್ಳುವ ಹಗ್ಗದ ಗಂಟುಗಳು, ಸ್ಟೇಷನ್ ಕಡೆಯಿಂದ ರೈಲಿನ ಕೂಗು. ಅದೇ ಸಿಸ್ಟರ್ ಅಲ್ಲಿ ತಾವಾಗಿಯೇ ಎಡಗೈ ಚಾಚುತ್ತಿದ್ದರು! ಉಳಿದ ಹುಡುಗಿಯರೆಲ್ಲ ಬಲಗೈ ಕೊಟ್ಟು, ನಾಲಿಗೆ ಕಚ್ಚಿಕೊಂಡು ಕೈ ಬದಲಿಸುತ್ತಿದ್ದರು. ಒಮ್ಮೆಯೂ ತಪ್ಪದವಳು ನಾನು. ವಾರದಲ್ಲಿ ಆ ಒಂದು ಗಂಟೆ ಯಾರೂ ನನ್ನನ್ನು ತಿದ್ದುತ್ತಿರಲಿಲ್ಲ.

ಈಗ ಇದನ್ನು ಬರೆಯುತ್ತಿರುವುದು ಬಲಗೈ. ಅಕ್ಷರ ಮುತ್ತಿನ ಹಾಗಿದೆ ಅನ್ನುತ್ತಾರೆ. ಯಾವಾಗ ಪೂರ್ತಿ ಬದಲಾದೆ? ನೆನಪಿಲ್ಲ. ನೋವೂ ಆಗಲಿಲ್ಲ. ಆಗಿದ್ದರೆ ನೆನಪಾದರೂ ಇರುತ್ತಿತ್ತೇನೋ.

ಕೊನೆಗೆ ಜಪಾನಿಗೆ ಬಂದೆವು. ಚಾಪೆಯ ಮೇಲೆ ಸಿರಿ ಮಂಡಿಯೂರಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ಚಾಚಿದಳು. ಅತ್ತೆ ಒಂದು ಕೈ ನೋಡಿದರು, ಇನ್ನೊಂದು ಕೈ ನೋಡಿದರು.

"ಜಪಾನಲ್ಲಿ ಹಿಂಗೇ ಅಜ್ಜಿ. ಎರಡೂ ಕೈಲೇ ಕೊಡೋದು."

"ಎರಡೂ ಕೈಲಾ? ದೇವಸ್ಥಾನದಲ್ಲಿ ಕೊಟ್ಟಂಗೆ?"

ಅತ್ತೆ ತಾವೂ ಎರಡು ಕೈ ಚಾಚಿದರು. ನಡುವೆ ನೆಲ ಇರಲಿಲ್ಲ. ಸಿರಿ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

"ಥೂ, ಹುಲ್ಲು ಬೇಯ್ಸಿ ಕೊಟ್ಟವ್ಳೆ! ಸಕ್ಕರೆ ಇಲ್ವೇನೇ ನಿಮ್ ಜಪಾನಲ್ಲಿ?" ಎಂದವರು ಬಟ್ಟಲು ಖಾಲಿ ಮಾಡಿಯೇ ಕೆಳಗಿಟ್ಟರು.

ಇಲ್ಲಿಗೇ ನಿಲ್ಲಿಸಿದರೆ ಅಂಕಣ ಚೆಂದವಾಗಿ ಮುಗಿಯುತ್ತಿತ್ತು. ಆದರೆ ಮನೆಗೆ ಬಂದೆವಲ್ಲ? ಅತ್ತೆ ನೀರು ಕೇಳಿದರು. ಸಿರಿ ಓಡಿಹೋಗಿ ತಂದಳು. ಖುಷಿಯಲ್ಲಿ ಮತ್ತೆ ಎಡಗೈ.

"ಜಪಾನ್ ಮುಗೀತು ಕಣವ್ವ. ಅಲ್ಲಿ ಮಡಗು."

ಸಿರಿ ಬಗ್ಗುವ ಮೊದಲೇ ನಾನು ಎಡಗೈ ಚಾಚಿ ಆ ಲೋಟ ತೆಗೆದುಕೊಂಡೆ. ಬಾಯಾರಿಕೆ ಇರಲಿಲ್ಲ. ನಿಂತಲ್ಲೇ ಪೂರ್ತಿ ಕುಡಿದೆ. ಅತ್ತೆ ನನ್ನನ್ನೇ ನೋಡಿದರು. ಇನ್ನೊಂದು ಲೋಟ ನೀರು ಸಿರಿಯೇ ತಂದಳು. ಯಾವ ಕೈಯಲ್ಲಿ ತರಲಿ ಎಂದು ಅಡುಗೆಮನೆ ಬಾಗಿಲಲ್ಲಿ ಒಂದು ಕ್ಷಣ ನಿಂತಿದ್ದಳು.

ಸಂಜೆ ಪಕ್ಕದ ಮನೆಯ ಕಮಲಮ್ಮ ಕರಿಬೇವಿಗೆಂದು ಬಂದರು. ನಾವು ನೆರೆಹೊರೆಯಾಗಿ ಎಷ್ಟೋ ವರ್ಷ. ಜಗಲಿಯಲ್ಲಿ ಹೋಂವರ್ಕ್ ಬರೆಯುತ್ತಿದ್ದ ಸಿರಿಯನ್ನು ನೋಡಿ, ಸೊಪ್ಪು ಸೆರಗಿಗೆ ಹಾಕಿಕೊಳ್ಳುತ್ತಾ ಹೇಳಿದರು:

"ಎಡಗೈ ಹುಡುಗಿ! ನಿಮ್ಮನೇಲಿ ಯಾರಿಗೂ ಇಲ್ವಲ್ಲ ಕಣ್ರೀ, ಯಾರನ್ನ ಹೋಲ್ತಾಳೋ ಇವಳು?"