ಎರಡೂ ಎಡತೋಳು

ದರ್ಜಿಯಪ್ಪನ ಅಂಗಡಿಗೆ ಹರಟೆ ಹೊತ್ತು ಬರಬಹುದಿತ್ತು, ಜಗಳ ಹೊತ್ತು ಬರಬಹುದಿತ್ತು. ನೀರು ಹೊತ್ತು ಮಾತ್ರ ಬರುವಂತಿರಲಿಲ್ಲ. ಹರೆಯದಲ್ಲಿ ಯಾರದೋ ರೇಷ್ಮೆಯ ಮೇಲೆ ಲೋಟ ಉರುಳಿಸಿ ಉಗಿಸಿಕೊಂಡ ಮಹಾರಾಯ, ಅಂದಿನಿಂದ ನೀರನ್ನೇ ಶತ್ರು ಮಾಡಿಕೊಂಡಿದ್ದ. ಬೆಳಗ್ಗೆ ಒಂದು ಲೋಟ, ರಾತ್ರಿ ಊಟಕ್ಕೊಂದು. ನಡುವೆ ಸೂಜಿಗೆ ಪೋಣಿಸಲು ದಾರ ನೆಕ್ಕೋಣವೆಂದರೆ ಬಾಯಲ್ಲಿ ಎಂಜಲೂ ಇರುತ್ತಿರಲಿಲ್ಲ!

"ಅಪ್ಪಾ, ಒಂದು ಗುಟುಕು" ಎಂದು ಮಗಳು ಬಾಗಿಲಲ್ಲಿ ನಿಂತು ಗೋಗರೆದರೆ, "ಒಂಟೆ ದಿನಾ ಕುಡಿಯುತ್ತಾ?" ಎನ್ನುವನು.

"ಒಂಟೆ ಬಟ್ಟೆ ಹೊಲಿಯಲ್ಲಪ್ಪ" ಎನ್ನುವಳು ಅವಳು.

ತಲೆ ಸಿಡಿದರೆ ದೀಪದ ತಪ್ಪು, ಕಾಲು ಸೆಟೆದರೆ ಪೆಡಲಿನ ತಪ್ಪು, ಹೊಟ್ಟೆ ಕಟ್ಟಿದರೆ ಮಗಳ ಅಡುಗೆಯ ತಪ್ಪು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮಗಳ ಮದುವೆ ಹತ್ತಿರ ಬಂತು. ತೀರಿಹೋದ ಹೆಂಡತಿ ಮಗಳಿಗೆಂದೇ ಎತ್ತಿಟ್ಟಿದ್ದ ರೇಷ್ಮೆ ಬಟ್ಟೆ ಪೆಟ್ಟಿಗೆಯಿಂದ ಹೊರಬಂತು. ಅದರಲ್ಲಿ ತಾನೇ ಅಗಲ ಘೇರಿನ ಉದ್ದನೆಯ ಅಂಗಿ ಹೊಲಿದು ತೊಡಿಸಬೇಕು, ಬದುಕಿನಲ್ಲಿ ಅವನಿಗಿದ್ದದ್ದು ಅದೊಂದೇ ಆಸೆ. ಸುಡುವ ಮಧ್ಯಾಹ್ನ, ತಲೆ ಧಿಮ್ಮೆನ್ನುತ್ತಿರುವಾಗಲೇ ಕತ್ತರಿ ಹಿಡಿದ. ಒಂದು ತೋಳು ಕತ್ತರಿಸಿದ ಮೇಲೆ ಇನ್ನೊಂದಕ್ಕೆ ಕಾಗದದ ಅಚ್ಚನ್ನು ಮಗುಚಿ ಹಾಕಬೇಕು. ನಿನ್ನೆ ಕಲಿತವನಿಗೂ ಗೊತ್ತಿರುವ ಸಂಗತಿ. ಇವನು ಮಗುಚಲಿಲ್ಲ. ಎರಡೂ ಎಡತೋಳು! ನೋಡಿದವನೇ ಅಲ್ಲೇ ಕುಸಿದ.

ಮಗಳು ಕರೆತಂದ ಡಾಕ್ಟರಮ್ಮ ನಾಲಗೆ ನೋಡಿದರು, ಚರ್ಮ ಚಿವುಟಿ ನೋಡಿದರು. "ಮೂತ್ರ ಯಾವ ಬಣ್ಣ?"

"ಕಡು ಹಳದಿ. ಕಂದು ಕೋಟಿಗೆ ಒಪ್ಪೋ ದಾರ ಇರುತ್ತಲ್ಲ, ಅದು."

"ಕೋಟಿಗೆ ಒಪ್ಪುತ್ತೆ, ನಿಮಗೆ ಒಪ್ಪಲ್ಲ. ಮೈಯಲ್ಲಿ ನೀರೇ ಇಲ್ಲ. ತಲೆನೋವು, ಸೆಟೆತ, ಈ ಮಂಕು, ಎಲ್ಲಾ ಅದರದ್ದೇ. ಹೀಗೇ ಬಿಟ್ರೆ ಕಿಡ್ನೀಲಿ ಕಲ್ಲಾಗುತ್ತೆ."

ಅವನಿಗೆ ಕಲ್ಲಿನ ಚಿಂತೆಯೇ ಇಲ್ಲ. "ನಿಮ್ಮಮ್ಮನ ರೇಷ್ಮೆ ಹಾಳು ಮಾಡಿಬಿಟ್ಟೆ ಕಣೇ" ಎಂದ ಮಗಳಿಗೆ.

"ಕೆಳಗಿನ ಘೇರು ಕಡಿಮೆ ಮಾಡು, ಉಳಿದ ತುಂಡು ಜೋಡಿಸಿ ಬಲತೋಳು ಹೊಂದಿಸು. ಆದ್ರೆ ಇನ್ಮೇಲೆ ನೀರಿನ ಚೊಂಬು ಅಂಗಡಿ ಒಳಗೇ ಇರುತ್ತೆ. ಹ್ಞೂಂ ಅಂದ್ರೆ ಆ ಅಂಗಿ ಹಾಕ್ಕೋತೀನಿ, ಇಲ್ಲಾಂದ್ರೆ ಇಲ್ಲ!"

ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಕುಡಿದ. ಮರುದಿನವೂ ಕುಡಿದ. ತಲೆ ತಿಳಿಯಾಯಿತು, ಕೈ ಪಳಗಿದ ದಾರಿಗೆ ಬಂತು. ಎರಡು ತುಂಡು ಜೋಡಿಸಿದ ಹೊಲಿಗೆ ಕಂಕುಳಡಿಯಲ್ಲಿ ಅಡಗಿತು.

ಮದುವೆಯ ಬೆಳಗ್ಗೆ ಮಗಳು ಅಂಗಿ ತೊಟ್ಟು ಎದುರು ನಿಂತಳು. ತೋಳು ನೇರ ಮಾಡಲು ಬಗ್ಗಿದವನ ಕಣ್ಣಿಂದ ಟಪ್ಪೆಂದು ಒಂದು ಹನಿ ರೇಷ್ಮೆಯ ಮೇಲೆ ಬಿತ್ತು.

"ಅಯ್ಯಯ್ಯೋ, ಕಲೆ!"

"ಇರಲಿ ಬಿಡಪ್ಪ" ಎಂದಳು ಅವನ ಕೈ ಹಿಡಿದು. "ಅಮ್ಮ ಹೋದಾಗಲೂ ನಿನ್ನ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ."

ಅವನು ಮೂಗೊರೆಸಿಕೊಂಡು ಚೊಂಬಿಗೆ ಕೈ ಚಾಚಿದ.