ಬೆಳಗ್ಗೆ ಕಿತ್ತುಕೊಂಡು ಮಧ್ಯಾಹ್ನ ಕೊಟ್ಟವರು

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ಗಂಜಿ. ಬಟ್ಟೆಗೆ ಹಾಕುತ್ತಾರಲ್ಲ, ಆ ಗಂಜಿ. ಒಮ್ಮೆ ಒಣಗಿತೆಂದರೆ ಬಗ್ಗುವ ಮಾತೇ ಇಲ್ಲ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು ಅಂತ ನನ್ನ ಗುಮಾನಿ.

ಅವಳದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದುಗಡೆ ಇಸ್ತ್ರಿ ಮೇಜು, ಹಿಂದೆ ಒಗೆಯುವ ಕೋಣೆ, ತಾರಸಿಯ ಮೇಲೆ ಸಾಲು ಹಗ್ಗ. ಒಗೆಯುವ ಕೋಣೆಯ ಅರ್ಧ ಜಾಗವನ್ನು ಒಂದು ದೊಡ್ಡ ಯಂತ್ರ ನುಂಗಿತ್ತು. ಅದು ತಿರುಗಲು ಶುರುಮಾಡಿದರೆ ಗೋಡೆಯ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ನಾನು ಅವಳ ಅಕ್ಕನ ಮಗಳು. ಬೇರೆ ಕೆಲಸ ಸಿಗುವ ತನಕ ಅಂತ ಬಂದು ಅಲ್ಲೇ ಬೇರು ಬಿಟ್ಟವಳು. ಬಿಲ್ಲು ಬರೆಯುವುದು, ಗಂಟು ತಲುಪಿಸುವುದು ನನ್ನ ಪಾಲು. ಚಿಕ್ಕಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲೇ ಬಟ್ಟೆ ಮಡಿಸುತ್ತಿದ್ದರು. ಅವರ ಬಲಗೈ ಇದ್ದೂ ಇಲ್ಲದ ಹಾಗೆ.

ಅಂಗಡಿಗೆ ಒಂದು ಕಟ್ಟುನಿಟ್ಟು ಇತ್ತು. ಇಸ್ತ್ರಿಯಾದ ಬಟ್ಟೆ ರಾತ್ರಿ ಅಂಗಡಿಯಲ್ಲಿ ಮಲಗಬಾರದು. “ಬೇರೆಯವರದ್ದು ನಮ್ಮ ಹತ್ರ ಯಾಕೆ ಮಲಗ್ಬೇಕು?” ಅನ್ನುತ್ತಿದ್ದಳು ಚಿಕ್ಕಮ್ಮ. ಗಿರಾಕಿ ದುಡ್ಡು ಕೊಡಲಿ ಬಿಡಲಿ, ಬಟ್ಟೆ ಮೊದಲು ಹೋಗಬೇಕು. ಇದನ್ನೇ ಅವಳು ದುಡ್ಡಿಗೂ ಅನ್ವಯಿಸಿದಳು ನೋಡಿ, ಅಲ್ಲೇ ಎಡವಟ್ಟಾಯಿತು.

ಆ ಯಂತ್ರವನ್ನು ಬ್ಯಾಂಕಿನ ಸಾಲದಲ್ಲಿ ತಂದಿದ್ದಳು. ಆ ಬ್ಯಾಂಕೇ ನಮ್ಮ ದೊಡ್ಡ ಗಿರಾಕಿ ಕೂಡ. ಕುರ್ಚಿಗಳ ಕವರು, ಕಿಟಕಿಯ ಪರದೆ, ಕಾವಲುಗಾರರ ಸಮವಸ್ತ್ರ ಎಲ್ಲ ನಮ್ಮಲ್ಲಿಗೇ ಬರುತ್ತಿತ್ತು. ಒಗೆದ ಬಾಬ್ತು ಹಣವನ್ನು ಬ್ಯಾಂಕು ಪ್ರತಿ ತಿಂಗಳ ಒಂದನೇ ತಾರೀಖು ಅವಳ ಖಾತೆಗೆ ಹಾಕುತ್ತಿತ್ತು. ಸಾಲದ ಕಂತನ್ನು ಖಾತೆಯಿಂದ ತಾನಾಗಿಯೇ ಎಳೆದುಕೊಳ್ಳಲು ಯಾವ ತಾರೀಖು ಆಗಬಹುದು ಅಂತ ಅವರು ಕೇಳಿದಾಗ ಇವಳು ಜಂಬದಿಂದ ಹೇಳಿದ್ದಳಂತೆ, “ಒಂದನೇ ತಾರೀಖೇ ಇರ್ಲಿ. ಅವತ್ತೇ ಕೊಡ್ತೀರಿ, ಅವತ್ತೇ ತಗೊಳ್ಳಿ. ನಿಮ್ಮ ದುಡ್ಡು ಒಂದು ರಾತ್ರೀನೂ ನನ್ನ ಹತ್ರ ಬೇಡ.”

ಆದರೆ ಬ್ಯಾಂಕಿನ ಕಂಪ್ಯೂಟರು ಕಂತನ್ನು ಎಳೆದುಕೊಳ್ಳುತ್ತಿದ್ದುದು ಬೆಳಕು ಹರಿಯುವ ಮುಂಚೆ. ಅದೇ ಬ್ಯಾಂಕು ಅವಳಿಗೆ ಕೊಡಬೇಕಾದ್ದನ್ನು ಕೊಡುತ್ತಿದ್ದುದು ಮಧ್ಯಾಹ್ನ, ಊಟವೆಲ್ಲ ಮುಗಿಸಿ. ನಡುವಿನ ಹೊತ್ತಿನಲ್ಲಿ ಖಾತೆ ಸೊನ್ನೆಗಿಂತ ಕೆಳಗೆ ಇಳಿಯುತ್ತಿತ್ತು. ಕಡಿಮೆ ಬಿದ್ದದ್ದನ್ನು ಒಂದು ಮಿತಿಯವರೆಗೆ ಬ್ಯಾಂಕೇ ತುಂಬುತ್ತಿತ್ತು, ಅದಕ್ಕೆ ಓವರ್‌ಡ್ರಾಫ್ಟ್ ಅಂತ ಹೆಸರು. ತುಂಬಿದ್ದಕ್ಕೆ ಶುಲ್ಕ ಬೇರೆ. ಅರ್ಧ ದಿನದ ಉಪಕಾರಕ್ಕೆ ನಮ್ಮ ಮೂರು ಗಂಟು ಬಟ್ಟೆಯ ಸಂಪಾದನೆ ಹೋಗುತ್ತಿತ್ತು. ಕಿತ್ತುಕೊಳ್ಳುವವರೂ ಅವರೇ, ಕೊಡುವವರೂ ಅವರೇ, ದಂಡ ಮಾತ್ರ ನಮಗೆ! ಇವತ್ತಿಗೂ ನೆನಪಾದರೆ ನನಗೆ ಮೈ ಉರಿಯುತ್ತದೆ.

ಶುಲ್ಕದ ಮೇಲೆ ಶುಲ್ಕ ಸೇರಿ ಆ ಮಿತಿಯೂ ತುಂಬುತ್ತಾ ಬಂತು. ಮುಂದಿನ ಒಂದನೇ ತಾರೀಖಿಗೆ ಕಂತು ಹೋಗಲು ಜಾಗವಿಲ್ಲ, ಹಣ ಸಿಗದೆ ಕಂತು ವಾಪಸಾದರೆ ಯಂತ್ರವನ್ನು ಎತ್ತಿಕೊಂಡು ಹೋಗುತ್ತೇವೆ ಅಂತ ನೋಟಿಸು ಬಂತು. ಯಂತ್ರ ಹೋದರೆ ಅಂಗಡಿ ಹೋದ ಹಾಗೆಯೇ. ಆ ಗಂಟುಗಳನ್ನು ಕೈಯಲ್ಲಿ ಒಗೆಯಲು ನಮ್ಮಿಬ್ಬರ ಸೊಂಟ ಸಾಲುತ್ತಿರಲಿಲ್ಲ.

ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದಳು. ಮ್ಯಾನೇಜರು ಒಳ್ಳೆಯ ಮಾತಿನ ಮನುಷ್ಯ. ಅವರು ಕೂತಿದ್ದ ಕುರ್ಚಿಯ ಬಿಳಿ ಕವರಿಗೆ ನಾನೇ ಇಸ್ತ್ರಿ ಹಾಕಿದ್ದೆ.

“ಬಹಳ ಸುಲಭ ಮೇಡಂ,” ಅಂತ ಒಂದು ಹಾಳೆ ಮುಂದಿಟ್ಟರು. “ಇಲ್ಲಿ ಸೈನ್ ಮಾಡಿ. ಶುಲ್ಕ ಎಲ್ಲಾ ಮನ್ನಾ ಮಾಡಿಸ್ತೀನಿ, ಕಂತಿನ ತಾರೀಖೂ ಮುಂದಕ್ಕೆ ಹಾಕಿಸ್ತೀನಿ.”

ನನಗೆ ಹೋದ ಜೀವ ಬಂದಂತಾಯಿತು. ಚಿಕ್ಕಮ್ಮ ಹಾಳೆಯನ್ನು ನಿಧಾನವಾಗಿ ಓದಿದಳು. ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ನನ್ನ ಅಜಾಗರೂಕತೆಯಿಂದ ಖಾತೆಯಲ್ಲಿ ಹಣ ಇಡದೆ ಹೋದ ಕಾರಣ’ ಅಂತ ಅಲ್ಲಿತ್ತು.

“ಇದನ್ನ ತೆಗೀರಿ, ಸೈನ್ ಮಾಡ್ತೀನಿ.”

“ಅದು ಬರೀ ಒಂದು ಪದ್ಧತಿ ಮೇಡಂ. ಅಷ್ಟಿದ್ರೇನೇ ಮೇಲಿನವರು ಒಪ್ಪೋದು.”

“ಅವತ್ತು ಬೆಳಗ್ಗೆ ನನ್ನ ಖಾತೇಲಿ ಇಲ್ಲದೇ ಇದ್ದ ದುಡ್ಡು ಯಾರ ಹತ್ರ ಇತ್ತು ಸಾರ್?”

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮ್ಮ ಹತ್ರ ಇತ್ತು,” ಅಂದಳು ಚಿಕ್ಕಮ್ಮ. “ಕೊಡೋವಾಗ ಒಂದನೇ ತಾರೀಖು ಅಂದ್ರೆ ಮಧ್ಯಾಹ್ನ, ತಗೊಳ್ಳೋವಾಗ ಒಂದನೇ ತಾರೀಖು ಅಂದ್ರೆ ಕೋಳಿ ಕೂಗೋ ಮುಂಚೆ. ತಪ್ಪು ನಂದು ಅಂತ ನಾನ್ ಬರ್ಕೊಡ್ಬೇಕಾ? ಆಗಲ್ಲ.”

ಎದ್ದು ಬಂದೇಬಿಟ್ಟಳು. ಬಾಗಿಲ ಹತ್ತಿರ ತಿರುಗಿ ಇನ್ನೊಂದು ಮಾತು ಎಸೆದಳು. “ನಿಮ್ಮ ಬಟ್ಟೆ ಒಗ್ದಿದ್ದು ಏನಿದ್ಯೋ ಸಂಜೆ ಬರತ್ತೆ. ಒಗ್ದಿದ್ದನ್ನ ತಡೆಯೋಳಲ್ಲ ನಾನು. ಆದ್ರೆ ಇನ್ಮೇಲೆ ಕೊಳೆಯಾದದ್ದನ್ನ ಮುಟ್ಟಲ್ಲ.”

ವಿಷಯ ತಿಳಿದು ನಮ್ಮಮ್ಮ ಓಡಿ ಬಂದಳು. “ಸೈನ್ ಹಾಕಿ ಬಿಸಾಕೇ! ಒಂದು ಸಾಲಿಗೋಸ್ಕರ ಅನ್ನದ ದಾರಿಗೆ ಕಲ್ಲು ಹಾಕ್ಕೊಳ್ತಾರಾ ಯಾರಾದ್ರೂ?”

ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. “ಅಕ್ಕಾ, ಅಲ್ಲಿ ಕೂತಿದಾರಲ್ಲ, ಅವರನ್ನ ಕೇಳು. ಅವರೂ ಒಂದು ಸಾಲಿಗೇ ಸೈನ್ ಹಾಕಿದ್ದು.”

ಅಮ್ಮ ಮೂಲೆಯ ಸ್ಟೂಲಿನ ಕಡೆ ತಿರುಗಿದಳು. ಚಿಕ್ಕಪ್ಪ ಹಿಂದೆ ದೊಡ್ಡ ಕಾರ್ಖಾನೆಯೊಂದರ ಬಟ್ಟೆ ವಿಭಾಗದಲ್ಲಿದ್ದರು. ಕೆಟ್ಟ ಯಂತ್ರದ ಮುಂದೆ ನಿಲ್ಲಿಸಿದ್ದರು, ಅದು ಅವರ ಬಲಗೈಯನ್ನು ಹಿಡಿದುಕೊಂಡಿತು. ಆಸ್ಪತ್ರೆಯ ಮಂಚದ ಹತ್ತಿರ ಅಧಿಕಾರಿಯೊಬ್ಬರು ಹಣ್ಣಿನ ಚೀಲದ ಜೊತೆ ಒಂದು ಹಾಳೆಯನ್ನೂ ತಂದರು. ಸೈನ್ ಮಾಡಿದರೆ ತಿಂಗಳ ಸಂಬಳ ಕೂಡಲೇ ಬರುತ್ತದೆ, ಬರೀ ಒಂದು ಪದ್ಧತಿ ಅಂದರು. ‘ನನ್ನ ಅಜಾಗರೂಕತೆಯಿಂದ’ ಅಂತ ಅದರಲ್ಲೂ ಇತ್ತು. ಬಲಗೈಗೆ ಬ್ಯಾಂಡೇಜು, ಹಾಗಾಗಿ ಎಡಗೈಯಲ್ಲಿ ಸೊಟ್ಟಪಟ್ಟ ಸೈನ್ ಹಾಕಿದರು. ಆಮೇಲೆ ಪರಿಹಾರ ಕೇಳಲು ಹೋದಾಗ ಆ ಹಾಳೆಯನ್ನೇ ಮುಖದ ಮುಂದೆ ಹಿಡಿದರು. ಅಂದಿನಿಂದ ಚಿಕ್ಕಪ್ಪ ಜೋರಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅಂಗಿಯ ಗುಂಡಿ ಕಿತ್ತು ಬಂದರೂ “ನನ್ನಿಂದಲೇ ಆಗಿರ್ಬೇಕು” ಅನ್ನುವವರಾಗಿಬಿಟ್ಟಿದ್ದರು.

ಬ್ಯಾಂಕಿನ ಬಟ್ಟೆ ನಿಂತಮೇಲೆ ಯಂತ್ರ ಅರ್ಧ ದಿನ ಸುಮ್ಮನಿರತೊಡಗಿತು. ನನಗೆ ಆ ನೋಟಿಸಿನದೇ ಚಿಂತೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಚಿಕ್ಕಮ್ಮನಿಗೂ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಒಗೆಯುವ ಕೋಣೆಗೆ ಹೋಗಿ ಯಂತ್ರದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದಳು. ಆದರೂ ನಾನು ಬ್ಯಾಂಕಿನ ಮಾತೆತ್ತಿದರೆ ಸಾಕು, “ಸೋಪಿನ ಪುಡಿ ಮುಗೀತಾ ನೋಡು ಹೋಗು” ಅಂತ ಅಟ್ಟುತ್ತಿದ್ದಳು.

ಅತ್ತ ಬ್ಯಾಂಕಿನ ಕುರ್ಚಿಗಳ ಅವತಾರ ನೋಡಬೇಕಿತ್ತು. ಕವರಿಲ್ಲದೆ ಒಳಗಿನ ಹರಿದ ಸ್ಪಂಜು ಇಣುಕುತ್ತಿತ್ತು. ಅಷ್ಟು ಬಟ್ಟೆಯನ್ನು ಒಟ್ಟಿಗೆ ಒಗೆಯುವ ಯಂತ್ರ ಸುತ್ತಮುತ್ತ ಬೇರೆ ಯಾರ ಹತ್ತಿರವೂ ಇರಲಿಲ್ಲ. ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರಂತೆ ಅಂತ ಕಾವಲುಗಾರ ನನ್ನ ಕಿವಿಗೆ ಹಾಕಿದ. ಸುಕ್ಕುಗಟ್ಟಿದ ಸಮವಸ್ತ್ರದಲ್ಲಿ ಅವನೂ ಪಾಪ ಬೈಸಿಕೊಂಡಿದ್ದ.

ತಿಂಗಳು ಮುಗಿಯಲು ಇನ್ನೇನು ಕೆಲವೇ ದಿನವಿದ್ದಾಗ ಮ್ಯಾನೇಜರೇ ಅಂಗಡಿಗೆ ಬಂದರು. ಹಿಂದೆ ಕಾವಲುಗಾರ, ಅವನ ತಲೆಯ ಮೇಲೆ ಕೊಳೆ ಬಟ್ಟೆಯ ಗಂಟು.

“ಏನ್ ಮಾಡೋಣ ಹೇಳಿ ಮೇಡಂ. ಆ ಪತ್ರ ಇಲ್ದೆ ಶುಲ್ಕ ವಾಪಸ್ ಕೊಡೋಕೆ ನನಗೆ ಅಧಿಕಾರ ಇಲ್ಲ.”

“ನಮ್ಮ ಬಿಲ್ಲು ಪಾಸು ಮಾಡೋಕೆ ಅಧಿಕಾರ ಇದ್ಯಲ್ಲ?”

“ಅದಿದೆ.”

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. “ಬಿಲ್ಲು ಬರಿಯೇ.” ನಾನು ಬರೆದೆ, ಅವಳು ಹೇಳುತ್ತಾ ಹೋದಳು. ಒಗೆದದ್ದಕ್ಕೆ ಇಷ್ಟು. ಅದರ ಕೆಳಗೆ ತಡವಾಗಿ ಹಣ ಕೊಟ್ಟಿದ್ದಕ್ಕೆ ದಂಡ, ಬ್ಯಾಂಕು ನಮ್ಮಿಂದ ಹಿಡಿದುಕೊಂಡಷ್ಟೇ, ಒಂದು ಕಾಸು ಹೆಚ್ಚಿಲ್ಲ. ಕಾರಣದ ಜಾಗದಲ್ಲಿ ‘ಬೆಳಗ್ಗೆಯೇ ಕೊಡಬೇಕಾದ ಹಣವನ್ನು ಬ್ಯಾಂಕು ತನ್ನ ಅಜಾಗರೂಕತೆಯಿಂದ ಮಧ್ಯಾಹ್ನ ಕೊಟ್ಟ ಕಾರಣ’ ಅಂತ ಬರೆಸಿದಳು.

ಮ್ಯಾನೇಜರ ಮುಖ ಕೆಂಪಾಯಿತು. “ಆ ಒಂದು ಪದ ಬಿಟ್ಟುಬಿಡೋಣ. ಬೇರೆ ಥರಾನೂ ಬರೀಬಹುದಲ್ಲ?”

“ಬರೀ ಒಂದು ಪದ್ಧತಿ ಸಾರ್,” ಅಂದಳು ಚಿಕ್ಕಮ್ಮ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಕಾವಲುಗಾರ ತಲೆಯ ಗಂಟನ್ನು ಇಳಿಸಲೋ ಬೇಡವೋ ಅಂತ ಒದ್ದಾಡುತ್ತಿದ್ದ. ಕೊನೆಗೆ ಇಸ್ತ್ರಿ ಮೇಜಿನ ಮೇಲೆ ಬಿಲ್ಲು ಇಟ್ಟುಕೊಂಡು ಸೈನ್ ಮಾಡಿದರು. “ನಾಳೆಯೇ ಹಾಕಿಸ್ತೀನಿ. ಇನ್ಮೇಲೆ ನಿಮ್ಮ ಹಣ ಕಂತಿನ ಹಿಂದಿನ ದಿನಾನೇ ಬರತ್ತೆ,” ಅಂತ ಯಾರ ಮುಖವನ್ನೂ ನೋಡದೆ ಹೇಳಿ ಹೊರಟುಹೋದರು.

ಚಿಕ್ಕಮ್ಮ ಗಂಟನ್ನು ಹಿಂದಿನ ಕೋಣೆಗೆ ಒಯ್ದು ಬಿಚ್ಚಿ, ಕವರುಗಳನ್ನು ಯಂತ್ರಕ್ಕೆ ತುರುಕಿದಳು. ಯಂತ್ರ ತಿರುಗಿತು, ಗೋಡೆಯ ಕ್ಯಾಲೆಂಡರ್ ಅಲ್ಲಾಡತೊಡಗಿತು.

“ಅವ್ರು ಸೈನ್ ಹಾಕಿದ್ರಾ?” ಅಂತ ಕೇಳಿದರು ಚಿಕ್ಕಪ್ಪ. ಎಲ್ಲ ಅವರ ಕಣ್ಣೆದುರೇ ನಡೆದಿತ್ತು, ಆದರೂ ಕೇಳಿದರು.

“ಹಾಕಿದ್ರು ಚಿಕ್ಕಪ್ಪ.”

“ಓದು.”

ನಾನು ನಮ್ಮ ಪಾಲಿನ ಪ್ರತಿಯನ್ನು ಓದಿದೆ. ‘ತನ್ನ ಅಜಾಗರೂಕತೆಯಿಂದ’ ಅನ್ನುವಲ್ಲಿ ಅವರು ಕೈಯೆತ್ತಿ ನಿಲ್ಲಿಸಿದರು. ಸ್ಟೂಲಿನಿಂದ ಎದ್ದು ಬಂದು, ಎಡಗೈಯ ಬೆರಳನ್ನು ಆ ಸೈನಿನ ಮೇಲೆ ಇಟ್ಟರು.

“ಇನ್ನೊಂದ್ಸಲ ಓದಮ್ಮಾ,” ಅಂದರು. “ಜೋರಾಗಿ ಓದು. ಯಂತ್ರದ ಸದ್ದಲ್ಲಿ ಅವಳಿಗೂ ಕೇಳಿಸ್ಲಿ.”